ಪೆಟ್ರೋಲ್ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದೆಯೇ? ಎಸೆಯುವ ಮೊದಲು ಕೊಯ್ದು ನೋಡಿ

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ ಹದಿನಾಲ್ಕು ತಿರುವುಗಳಿವೆ. ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿ ಐದನೇ ತಿರುವಿನಲ್ಲಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಇನ್ನೆರಡು ತಿರುವು ಹತ್ತಿ ಮತ್ತೆ ನಿಂತಿತು. ಹೊಸ ಫಿಲ್ಟರ್ ಹಾಕಿಸಿ ಆಗ ಇಪ್ಪತ್ತು ದಿನವೂ ಆಗಿರಲಿಲ್ಲ. ಅದಕ್ಕೆ ಮುಂಚಿನದು ಒಂದು ತಿಂಗಳು ಬಾಳಿತ್ತು, ಅದಕ್ಕೂ ಮುಂಚಿನದು ಎರಡು ತಿಂಗಳು.

ಅಷ್ಟರಲ್ಲಿ ಪಂಪ್ ಬದಲಾಗಿತ್ತು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೊನೆಗೆ ತೀರ್ಥಹಳ್ಳಿ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಹಳೇ ಫಿಲ್ಟರ್ ಎಲ್ಲಿ? ಬಿಸಾಡೋಕ್ ಮುಂಚೆ ಕುಯ್ದು ನೋಡಿದ್ರಾ ಮಾರಾಯ್ರೇ, ಹೊಟ್ಟೇಲಿ ಏನಿದೆ ಅಂತ?” ಯಾರೂ ನೋಡಿರಲಿಲ್ಲ. ಕೊಯ್ದಾಗ ಒಳಗೆ ಇದ್ದದ್ದು ಕೆಮ್ಮಣ್ಣಿನಂಥ ತುಕ್ಕು. ಅದು ಬರುತ್ತಿದ್ದದ್ದು ಟ್ಯಾಂಕಿನಿಂದ. ಫಿಲ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಕಾರ್ಬುರೇಟರ್ ಮತ್ತು ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇರುವ ಹಳೇ ಗಾಡಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಹಳೇ ಮಾರುತಿ 800 ಎಲ್ಲದರಲ್ಲೂ ಪೆಟ್ರೋಲ್ ಹರಿಯುವ ದಾರಿ ಹೆಚ್ಚುಕಡಿಮೆ ಒಂದೇ: ಟ್ಯಾಂಕ್, ಪೈಪು, ಪಂಪ್, ಕಾರ್ಬುರೇಟರ್.

ಮೊದಲು ಬೆಂಕಿಯ ಮಾತು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡ, ಅಂಗಳದಲ್ಲಿ ಮಾಡಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವಯರ್ ತೆಗೆದಿಡಿ. ಬೀಡಿ ಸಿಗರೇಟು, ದೇವರ ದೀಪ, ವಯರಿಗೆ ಜೋತುಬಿದ್ದ ಬಲ್ಬು ಯಾವುದೂ ಹತ್ತಿರ ಬರಬಾರದು. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಷ್ಟು ದೂರದಲ್ಲಿರಲಿ. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಕೈಯಲ್ಲಿ ಒತ್ತುವ ಪಂಪ್ ಅಗ್ಗಕ್ಕೇ ಸಿಗುತ್ತದೆ, ತಂದಿಟ್ಟುಕೊಳ್ಳಿ.

ನಿಜವಾಗಿಯೂ ಫಿಲ್ಟರ್ ಕಟ್ಟಿದೆಯೇ?

ಫಿಲ್ಟರ್ ಕಟ್ಟಿದ ಗಾಡಿ ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ. ಊರೊಳಗೆ ನಿಧಾನವಾಗಿ ಹೋದರೂ ತೊಂದರೆಯಿಲ್ಲ. ಏರಿನಲ್ಲಿ ಅಥವಾ ವೇಗ ಹೆಚ್ಚಿಸಿದಾಗ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ, ನಿಲ್ಲುತ್ತದೆ. ಕಾರಣ ಸರಳ. ಲೀಟರಿಗೆ 12 ಕಿ.ಮೀ. ಕೊಡುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಗಂಟೆಗೆ 5 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 83 ಮಿ.ಲೀ. ಕುಡಿಯುತ್ತದೆ. ಘಾಟಿ ಏರುವಾಗ ಅದರ ಎರಡು ಪಟ್ಟು ಬೇಕಾಗಬಹುದು. ಕಟ್ಟಿದ ಫಿಲ್ಟರ್ ಅಷ್ಟನ್ನು ಬಿಡದಿದ್ದಾಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಖಾಲಿಯಾಗುತ್ತದೆ. ಹತ್ತು ನಿಮಿಷ ನಿಂತರೆ ಬೌಲಿಗೆ ಪೆಟ್ರೋಲ್ ಬರುವ ದಾರಿಯಲ್ಲಿ ಒತ್ತಿಕೊಂಡಿದ್ದ ಕಸ ಸಡಿಲವಾಗುತ್ತದೆ, ಸೆಲ್ಫ್ ಹೊಡೆದಾಗ ಬೌಲ್ ಮತ್ತೆ ತುಂಬುತ್ತದೆ, ಗಾಡಿ ಇನ್ನೊಂದಷ್ಟು ದೂರ ಓಡುತ್ತದೆ.

ಇದೇ ಲಕ್ಷಣ ತೋರಿಸುವ ಬೇರೆ ಮೂರು ಕಾಯಿಲೆಗಳಿವೆ. ಒಂದು, ವೇಪರ್ ಲಾಕ್. ಬೇಸಿಗೆಯಲ್ಲಿ ಬಾನೆಟ್ ಒಳಗಿನ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದ ಮೇಲೆ ಸರಿಹೋದರೆ ಅನುಮಾನ ಅದರ ಮೇಲೆಯೇ. ಎರಡು, ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮುಚ್ಚಿಹೋಗಿರುವುದು. ಗಾಡಿ ನಿಂತ ತಕ್ಷಣ ಮುಚ್ಚಳ ಬಿಚ್ಚಿ. ಸುಯ್ ಎಂದು ಗಾಳಿ ಒಳಗೆ ಹೋದರೆ ಪಂಪು ನಿರ್ವಾತದ ವಿರುದ್ಧ ಹೆಣಗುತ್ತಿತ್ತು ಎಂದರ್ಥ. ಮೂರು, ಎಂಜಿನ್‌ಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಬಿಸಿಯಾದಾಗ ಕೈಕೊಡುವ ಕಾಯಿಲ್ ಅಥವಾ ಕಂಡೆನ್ಸರ್. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚು ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರ್ ಆದರೆ, ಎಂಜಿನ್ ಆಫ್ ಇರುವಾಗ ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಬಾಯೊಳಗೆ ನೋಡುತ್ತ ಲಿಂಕೇಜ್ ಎಳೆಯಿರಿ. ಪೆಟ್ರೋಲ್ ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲ್ ಇದೆ, ತೊಂದರೆ ಕರೆಂಟಿನದು.

ಇನ್ನೊಂದು ಮಾತು. ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರಿನಲ್ಲಿ ಪೆಟ್ರೋಲ್ ಅರ್ಧ ಮಾತ್ರ ಕಾಣುತ್ತದೆಂದು ಬಹಳ ಜನ ಗಾಬರಿಯಾಗುತ್ತಾರೆ. ಪಂಪಿನ ಹಿಂದೆ, ಎಳೆಯುವ ಬದಿಯಲ್ಲಿ ಕೂತ ಫಿಲ್ಟರ್ ಪೂರ್ತಿ ತುಂಬಬೇಕೆಂದೇನೂ ಇಲ್ಲ. ಅದನ್ನೇ ನೋಡಿ ಬದಲಾಯಿಸಬೇಡಿ.

ಕೊಯ್ದು ಓದುವುದು

ಇಲ್ಲಿ ಆತುರ ಬೇಡ. ಅರ್ಧ ಗಂಟೆ ಕೊಟ್ಟರೆ ಮುಂದಿನ ಮೂರು ತಿಂಗಳ ಅಲೆದಾಟ ತಪ್ಪುತ್ತದೆ.

ಫಿಲ್ಟರ್ ಬಿಚ್ಚುವಾಗ ಅದರ ಮೇಲಿನ ಬಾಣದ ಗುರುತು ನೋಡಿಕೊಳ್ಳಿ. ಪೆಟ್ರೋಲ್ ಒಳಬರುವ ತುದಿಯನ್ನು ಕೆಳಗೆ ಮಾಡಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಎಲ್ಲವನ್ನೂ ಸುರಿಯಿರಿ. ಕಸವೆಲ್ಲ ಒಳಬರುವ ಬದಿಯಲ್ಲಿಯೇ ಕೂತಿರುತ್ತದೆ. ಬಾಟಲಿಯನ್ನು ಒಂದು ಗಂಟೆ ಅಲುಗಾಡಿಸದೆ ಇಡಿ. ಫಿಲ್ಟರನ್ನು ಗಾಳಿಯಾಡುವ ಜಾಗದಲ್ಲಿ ಒಂದು ದಿನ ಒಣಗಲು ಬಿಟ್ಟು, ಮಾರನೇ ದಿನ ಹ್ಯಾಕ್ಸಾ ಬ್ಲೇಡಿನಿಂದ ಕೈಯಲ್ಲೇ ಕೊಯ್ಯಿರಿ. ಗ್ರೈಂಡರ್ ಮುಟ್ಟಬೇಡಿ. ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ, ಹಗಲು ಬೆಳಕಿನಲ್ಲಿ ನೋಡಿ.

ಕೆಂಪು ಕಂದು ಪುಡಿ, ಬೆರಳಲ್ಲಿ ತಿಕ್ಕಿದರೆ ಕೆಮ್ಮಣ್ಣಿನಂತೆ ಹತ್ತುವುದು ತುಕ್ಕು. ಜೊತೆಗೆ ಕಪ್ಪು ಹಕ್ಕಳೆಗಳಿದ್ದು, ಅವು ಮ್ಯಾಗ್ನೆಟ್ಟಿಗೆ ಅಂಟಿದರೆ ಅವೂ ಕಬ್ಬಿಣದವೇ. ಆದರೆ ಕೆಂಪು ತುಕ್ಕು ಮ್ಯಾಗ್ನೆಟ್ಟಿಗೆ ಅಷ್ಟಾಗಿ ಅಂಟುವುದಿಲ್ಲ. ಅಂಟಲಿಲ್ಲವೆಂದು ತುಕ್ಕಲ್ಲ ಅಂದುಕೊಳ್ಳಬೇಡಿ.

ಬೆಲ್ಲದ ಪಾಕದ ಬಣ್ಣದ ಅಂಟು, ಮೂಗಿಗೆ ಬಡಿಯುವ ಕಮಟು ವಾಸನೆ ಇದ್ದರೆ ಅದು ಹಳಸಿದ ಪೆಟ್ರೋಲಿನ ಗೋಂದು. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ.

ಕಪ್ಪು ಮಸಿ, ತಿಕ್ಕಿದರೆ ಕಾಡಿಗೆಯ ಹಾಗೆ ಹರಡಿದರೆ ರಬ್ಬರ್. ಹೋಸ್ ಒಳಗಿನಿಂದ ಕರಗುತ್ತಿದೆ. ಸಣ್ಣ ಸಣ್ಣ ಚೂರುಗಳಾಗಿದ್ದರೆ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ, ಟ್ಯಾಂಕಿನ ಮೇಲಿನ ಫ್ಲೋಟ್ ಗೇಜಿನ ಪ್ಯಾಕಿಂಗ್ ಪುಡಿಯಾಗಿ ಒಳಗೆ ಉದುರುತ್ತಿರಬಹುದು.

ಬಣ್ಣದ ಪೊರೆಯಂಥ ತೆಳು ಹಾಳೆಗಳು ಬಂದರೆ ಹಿಂದೆ ಯಾರೋ ಟ್ಯಾಂಕಿನೊಳಗೆ ಸೀಲರ್ (ತುಕ್ಕು, ತೂತು ತಡೆಯುವ ಲೇಪ) ಬಳಿದಿದ್ದಾರೆ, ಅದೀಗ ಕಳಚುತ್ತಿದೆ. ಈ ಐದಾರು ಕಾಯಿಲೆಗಳಲ್ಲಿ ಹೆಚ್ಚು ಕಾಡುವುದು ಇದೇ. ಬಿಳಿ ಹಿಟ್ಟಿನಂಥದ್ದು ಕಂಡರೆ ಸತು ಅಥವಾ ಅಲ್ಯೂಮಿನಿಯಂ ನೀರಿಗೆ ಕೊರೆದುಹೋಗುತ್ತಿರುವ ಗುರುತು.

ಈಗ ಬಾಟಲಿಗೆ ಬನ್ನಿ. ತಳದಲ್ಲಿ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಾಡುವ ಮುತ್ತುಗಳಿದ್ದರೆ, ಅಥವಾ ಬೇರೆಯೇ ಪದರ ನಿಂತಿದ್ದರೆ, ನೀರಿದೆ. ಒಳಗೆ ಕಸವೇ ಕಾಣದಿದ್ದರೂ ಫಿಲ್ಟರ್ ಕಟ್ಟುತ್ತಿದ್ದರೆ ಇದೇ ಕಾರಣವಿರಬಹುದು. ನೀರು ಕುಡಿದ ಕಾಗದ ಉಬ್ಬಿ ಪೆಟ್ರೋಲಿನ ದಾರಿ ಮುಚ್ಚುತ್ತದೆ.

ಕಸ ಹುಟ್ಟುವ ಜಾಗ

ಈಗ ಒಂದು ಪರೀಕ್ಷೆ. ಪಂಪಿಗೆ ಒಳಬರುವ ಹೋಸ್ ಕಳಚಿ, ಟ್ಯಾಂಕಿನ ಕಡೆಯ ತುದಿಯನ್ನು ಮುಚ್ಚಿ. ಪೆಟ್ರೋಲಿಗೆ ಆಗುವ ಹೊಸ ಹೋಸ್, ಹೊಸ ಫಿಲ್ಟರ್ ಜೋಡಿಸಿ, ಎರಡು ಲೀಟರ್ ಶುದ್ಧ ಪೆಟ್ರೋಲ್ ಇರುವ ಲೋಹದ ಕ್ಯಾನಿಗೆ ಇಳಿಬಿಡಿ. ಕ್ಯಾನ್ ಎಂಜಿನ್‌ನಿಂದ ದೂರ, ನೆಲದ ಮೇಲೆ, ಅಲುಗಾಡದ ಹಾಗೆ ಇರಲಿ. ಬ್ಯಾಟರಿ ಸೇರಿಸಿ, ಗಾಡಿ ನಿಂತಲ್ಲೇ ಇಪ್ಪತ್ತು ನಿಮಿಷ ಬೇರೆ ಬೇರೆ ವೇಗದಲ್ಲಿ ಎಂಜಿನ್ ಓಡಿಸಿ. ಕ್ಯಾನ್ ಇಟ್ಟುಕೊಂಡು ರಸ್ತೆಗೆ ಇಳಿಯುವುದು ಬೇಡ. ಫಿಲ್ಟರ್ ಶುದ್ಧವಾಗಿಯೇ ಉಳಿದರೆ ಕಸ ಟ್ಯಾಂಕಿನಲ್ಲಿದೆ, ಇಲ್ಲವೇ ಗಾಡಿಯ ಅಡಿಯ ಪೈಪಿನಲ್ಲಿದೆ. ಎಂಜಿನ್ ಆಗಲೂ ಮುಗ್ಗರಿಸಿದರೆ ಪಂಪ್, ಕಾರ್ಬುರೇಟರ್ ಕಡೆ ನೋಡಿ.

ಪಂಪಿನ ಬಲ ಅಳೆಯಬೇಕೆಂದರೆ, ಕಾರ್ಬುರೇಟರಿಗೆ ಹೋಗುವ ಹೋಸನ್ನು ದೊಡ್ಡ ಬಾಟಲಿಗೆ ಇಳಿಬಿಟ್ಟು, ಕಾಯಿಲ್‌ಗೆ ಬರುವ ಸಣ್ಣ ವಯರ್ ತೆಗೆದು, ಒಬ್ಬರು ಸೆಲ್ಫ್ ಹೊಡೆಯಲಿ. ಪೆಟ್ರೋಲ್ ಬಲವಾಗಿ, ಲಯವಾಗಿ ಚಿಮ್ಮಬೇಕು. ಸೋರಿದ ಹಾಗೆ ಬಂದರೆ ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಮ್) ಸಡಿಲವಾಗಿದೆ, ಇಲ್ಲವೇ ಎಳೆಯುವ ಬದಿಯ ಹೋಸಿನಲ್ಲಿ ಗಾಳಿ ನುಗ್ಗುತ್ತಿದೆ.

ಟ್ಯಾಂಕ್ ಇಳಿಸುವುದು

ತುಕ್ಕು ಕಂಡಿದ್ದರೆ ಟ್ಯಾಂಕ್ ಇಳಿಸಲೇಬೇಕು. ಡ್ರೈನ್ ಬೋಲ್ಟ್ ಬಿಚ್ಚಿ ಒಂದಿಷ್ಟು ಕಸ ಹರಿಸಿ ಮುಗಿಸಿದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬರುತ್ತೀರಿ. ನಾನು ಅದನ್ನೇ ಮೊದಲು ಮಾಡಿದ್ದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇಳಿಸುವ ಮೊದಲು ಪೆಟ್ರೋಲ್ ಪೂರ್ತಿ ತೆಗೆಯಿರಿ. ತೆಗೆದದ್ದನ್ನು ಚರಂಡಿಗೋ ಬಾವಿಯ ಹತ್ತಿರವೋ ಚೆಲ್ಲಬೇಡಿ. ಬಿಡಿಭಾಗ ತೊಳೆಯಲು ಗ್ಯಾರೇಜಿನವರಿಗೆ ಬೇಕಾಗುತ್ತದೆ. ಫ್ಲೋಟ್ ಗೇಜ್ ಬಿಚ್ಚಿ, ಒಳಗಿನ ಹೀರುವ ಪೈಪಿನ ತುದಿಯ ಜಾಲರಿಯನ್ನು ನೋಡಿ. ಎಷ್ಟೋ ಗಾಡಿಗಳಲ್ಲಿ ಆ ಜಾಲರಿ ಹರಿದುಹೋಗಿ ವರ್ಷಗಳೇ ಆಗಿರುತ್ತವೆ, ಅದು ತಡೆಯಬೇಕಾದ ಕಸವೆಲ್ಲ ಮುಂದಿನ ಫಿಲ್ಟರಿಗೆ ಬರುತ್ತಿರುತ್ತದೆ.

ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆಲ್ಲ ಆವಿ ಮತ್ತು ಗಾಳಿ ಬೆರೆತು ನಿಂತಿರುತ್ತದೆ. ಬಟ್ಟೆ ಸೋಪಿನ ಪುಡಿ ಮತ್ತು ಬಿಸಿನೀರು ಹಾಕಿ ಮೂರು ನಾಲ್ಕು ಸಲ ಕುಲುಕಿ ತೊಳೆಯಿರಿ, ಪೆಟ್ರೋಲಿನ ವಾಸನೆಯೇ ಬರಬಾರದು. ನಂತರ ಒಳಗೆ ಸ್ವಲ್ಪ ನೀರಿರುವಾಗಲೇ ಎರಡು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ, ಎಲ್ಲ ಮಗ್ಗುಲಿಗೂ ತಿರುಗಿಸುತ್ತ ಅಲ್ಲಾಡಿಸಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಬರುವ ನೀರು ಟೊಮೆಟೊ ಸಾರಿನ ಬಣ್ಣಕ್ಕಿರುತ್ತದೆ. ತಿಳಿಯಾಗುವವರೆಗೂ ಮುಂದುವರಿಸಿ.

ಉಳಿದ ತುಕ್ಕಿಗೆ ನನ್ನ ಆಯ್ಕೆ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್. ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ, ಅಂದರೆ 40 ಲೀಟರ್ ಟ್ಯಾಂಕಿಗೆ 2 ಕೆ.ಜಿ. ಕಂಠಮಟ್ಟ ತುಂಬಿಸಿ, ಏಕೆಂದರೆ ತುಕ್ಕು ಹೆಚ್ಚು ಹಿಡಿಯುವುದು ಮೇಲ್ಭಾಗದಲ್ಲಿ, ಪೆಟ್ರೋಲ್ ಮುಟ್ಟದ ಕಡೆ. 12ರಿಂದ 24 ಗಂಟೆ ಬಿಡಿ, ನಡುನಡುವೆ ನೋಡುತ್ತಿರಿ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಅದು ತುಕ್ಕಿನ ಜೊತೆ ತಗಡನ್ನೂ ಬೆಸುಗೆಯನ್ನೂ ತಿನ್ನುತ್ತದೆ, ಬೇಡ.

ಆಸಿಡ್ ಚೆಲ್ಲಿದ ಮೇಲೆ ಓಟದ ಕೆಲಸ. ಬರಿಯ ಕಬ್ಬಿಣ ನಿಮಿಷಗಳಲ್ಲಿ ಮತ್ತೆ ಕೆಂಪಾಗುತ್ತದೆ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒಮ್ಮೆ, ಬರಿಯ ನೀರಿನಲ್ಲಿ ಒಮ್ಮೆ ತೊಳೆದು, ಬಗ್ಗಿಸಿ ಬಸಿದು, ಸುಡುಬಿಸಿಲಿಗೆ ಇಡಿ. ಒಣಗಿದ ಕೂಡಲೇ ಅರ್ಧ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಒಳಗೋಡೆಗೆಲ್ಲ ತಾಗುವಂತೆ ತಿರುಗಿಸಿ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ. ಮಲೆನಾಡಿನ ಆಷಾಢದಲ್ಲಿ ಟ್ಯಾಂಕ್ ಒಣಗುವುದೇ ಇಲ್ಲ.

ಸೂಜಿ ಗಾತ್ರದ ತೂತುಗಳು ಕಂಡರೆ ರೇಡಿಯೇಟರ್ ಕೆಲಸದವರ ಹತ್ತಿರ ಕೊಂಡೊಯ್ಯಿರಿ. ಹಳೇ ಟ್ಯಾಂಕುಗಳಿಗೆ ಬೆಸುಗೆ ಹಾಕುವ ಕೈಗುಣ ಅವರಲ್ಲಿ ಇನ್ನೂ ಉಳಿದಿದೆ. ಮನೆಯಲ್ಲಿ ಟ್ಯಾಂಕಿಗೆ ಬೆಂಕಿ ತೋರಿಸುವ ಯೋಚನೆಯೇ ಬೇಡ. ಸೀಲರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ತಗಡು ಗಟ್ಟಿಯಿದ್ದರೆ ಹಾಕಿಸಬೇಡಿ. ಎಣ್ಣೆಯ ಪಸೆ ಒಂದಿಷ್ಟು ಉಳಿದಿದ್ದರೂ ಅದು ಹಿಡಿದುಕೊಳ್ಳುವುದಿಲ್ಲ, ಮುಂದೊಂದು ದಿನ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ಪೈಪು, ಪಂಪು, ಕಾರ್ಬುರೇಟರ್

ಗಾಡಿಯ ಅಡಿಯ ಲೋಹದ ಪೈಪನ್ನು ಎರಡೂ ತುದಿ ಕಳಚಿ, ಪಂಪಿನ ಕಡೆಯಿಂದ ಟ್ಯಾಂಕಿನ ಕಡೆಗೆ ಗಾಳಿ ಹೊಡೆಸಿ. ಪಂಪ್ ಜೋಡಿಸಿಯೇ ಗಾಳಿ ಹೊಡೆದರೆ ಡಯಾಫ್ರಮ್ ಹರಿಯುತ್ತದೆ. ರಬ್ಬರ್ ಹೋಸ್‌ಗಳನ್ನು ಎಲ್ಲ ಒಟ್ಟಿಗೇ ಬದಲಾಯಿಸಿ. ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರ ಕರಗಿರಬಹುದು. ಕೊಳ್ಳುವಾಗ ಹೋಸಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಗುರುತು ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೇಳಿದರೆ ಸಿಗುತ್ತದೆ. ಅಂಗಡಿಯವರು ನೀರಿನ ಪೈಪನ್ನೋ ವ್ಯಾಕ್ಯೂಮ್ ಪೈಪನ್ನೋ ಕೊಟ್ಟು “ನಡೆಯುತ್ತೆ ಸರ್” ಅಂದರೆ ಒಪ್ಪಬೇಡಿ.

ಗಾಜಿನ ಬಟ್ಟಲಿರುವ ಪಂಪ್ ಆದರೆ ಬಟ್ಟಲು ತೆಗೆದು ಒಳಗಿನ ಜಾಲರಿ ತೊಳೆಯಿರಿ, ಪ್ಯಾಕಿಂಗ್ ಹೊಸದು ಹಾಕಿ. ಕಾರ್ಬುರೇಟರಿನ ಫ್ಲೋಟ್ ಬೌಲಿನ ತಳದ ಗಷ್ಟು ಒರೆಸಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ಗಾಳಿ ಮಾತ್ರ ಹೊಡೆಸಿ. ತಂತಿ ತೂರಿಸಿದರೆ ತೂತಿನ ಅಳತೆ ಹಾಳಾಗುತ್ತದೆ.

ಹೊಸ ಫಿಲ್ಟರ್ ಎಲ್ಲಿ, ಎಂಥದು

ನನ್ನ ಗಾಡಿಯಲ್ಲೀಗ ಎರಡು ಫಿಲ್ಟರ್ ಇವೆ. ಪಂಪಿಗಿಂತ ಹಿಂದೆ, ಕಣ್ಣಿಗೆ ಕಾಣುವ ಜಾಗದಲ್ಲಿ 70ರಿಂದ 100 ಮೈಕ್ರಾನ್‌ನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜಾಲರಿ ಫಿಲ್ಟರ್. ಪಂಪು ಮತ್ತು ಕಾರ್ಬುರೇಟರ್ ನಡುವೆ 10ರಿಂದ 20 ಮೈಕ್ರಾನ್‌ನ ಕಾಗದದ ಫಿಲ್ಟರ್. ಮೆಕ್ಯಾನಿಕಲ್ ಪಂಪಿಗೆ ಎಳೆಯುವ ಶಕ್ತಿ ಕಡಿಮೆ. ಅದರ ಹಿಂದೆ ನಯವಾದ ಕಾಗದ ಇಟ್ಟರೆ ಸ್ವಲ್ಪ ಕಸಕ್ಕೇ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ವೇಪರ್ ಲಾಕ್ ಕೂಡ ಹೆಚ್ಚುತ್ತದೆ. ಫಿಲ್ಟರ್ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿರಲಿ, ತೂಗಾಡದಂತೆ ಕ್ಲಿಪ್ಪಿನಲ್ಲಿ ಕೂರಿಸಿ. ಥಳಥಳ ಹೊಳೆಯುವ ಗಾಜಿನ ಫಿಲ್ಟರ್ ನೋಡಲು ಚೆಂದ. ಕಾದ ಎಂಜಿನ್ ಮೇಲೆ ಅದರ ಸೀಲ್ ಸೋರಿದರೆ ಇಡೀ ಗಾಡಿಯೇ ಹೋಗುತ್ತದೆ, ಹಾಕಬೇಡಿ.

ಟ್ಯಾಂಕ್ ತೊಳೆದ ಮೇಲೆ ಮೊದಲ ಮೂರು ಫಿಲ್ಟರ್‌ಗಳು ಬಲಿ ಎಂದೇ ಲೆಕ್ಕ. 50 ಕಿ.ಮೀ.ಗೆ ಒಂದು, 200ಕ್ಕೆ ಒಂದು, 500ಕ್ಕೆ ಒಂದು. ಮೂರನ್ನೂ ಕೊಯ್ದು ನೋಡಿ. ಕಸ ಒಂದಕ್ಕಿಂತ ಒಂದರಲ್ಲಿ ಕಡಿಮೆಯಾಗುತ್ತ ಬರಬೇಕು. ಕಡಿಮೆಯಾಗದಿದ್ದರೆ ಕಸದ ಮೂಲ ಇನ್ನೂ ಸಿಕ್ಕಿಲ್ಲ.

ಎಥನಾಲ್ ಮತ್ತು ನೀರು

20% ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದ್ದು. ಈಗ ಬಹುತೇಕ ಎಲ್ಲ ಬಂಕ್‌ಗಳಲ್ಲಿ ಸಿಗುವುದು ಅದೇ. ನಮ್ಮ ಗಾಡಿಗಳು ಹುಟ್ಟಿದಾಗ ಇದರ ಯೋಚನೆಯೇ ಇರಲಿಲ್ಲ. ಎಥನಾಲ್ ಎರಡು ಕೆಲಸ ಮಾಡುತ್ತದೆ. ಟ್ಯಾಂಕಿಗೂ ಪೈಪಿಗೂ ದಶಕಗಳಿಂದ ಮೆತ್ತಿಕೊಂಡಿದ್ದ ಗೋಂದನ್ನು ಕರಗಿಸಿ ತರುತ್ತದೆ. ಇದರಿಂದ ಕಟ್ಟುವ ಫಿಲ್ಟರ್ ಒಂದೆರಡು ಸಲ ಬದಲಾಯಿಸಿದ ಮೇಲೆ ತಾನಾಗಿ ಸರಿಹೋಗುತ್ತದೆ. ಎರಡನೆಯದು ನಿಲ್ಲುವಂಥದ್ದಲ್ಲ: ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದಾಗ ನೀರಿನ ಜೊತೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ, ಅಲ್ಲಿ ಕೂತು ಕಬ್ಬಿಣವನ್ನೂ ಸತುವನ್ನೂ ತಿನ್ನುತ್ತದೆ. ಹಳೇ ನಮೂನೆಯ ರಬ್ಬರನ್ನೂ ಉಬ್ಬಿಸುತ್ತದೆ. ಹೋಸ್ ಎಲ್ಲ ಬದಲಾಯಿಸಿ ಎಂದು ಮೇಲೆ ಹೇಳಿದ್ದು ಅದಕ್ಕೇ.

ಎಥನಾಲ್ ಎಷ್ಟಿದೆಯೆಂದು ಮನೆಯಲ್ಲೇ ನೋಡಬಹುದು. ಅಳತೆಯ ಗಾಜಿನ ಸಿಲಿಂಡರಿಗೆ 100 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಕುಲುಕಿ ಇಡಿ. ತಳದ ಪದರ 30 ಮಿ.ಲೀ. ಹತ್ತಿರ ಬಂದರೆ ಹೆಚ್ಚಾದ 20 ಎಥನಾಲ್. ಬಂಕಿನಲ್ಲಿ ಕಲಬೆರಕೆಯ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವುದು ಗ್ರಾಹಕರ ಹಕ್ಕು. ನಾಜಲ್‌ನ ತುದಿ ಒರೆಸಿ ಆ ಕಾಗದದ ಮೇಲೆ ಒಂದು ಹನಿ ಬಿಡಬೇಕು, ಅದು ಕಲೆ ಉಳಿಸದೆ ಆವಿಯಾಗಬೇಕು.

ವಾರಕ್ಕೊಮ್ಮೆ ಓಡುವ ಗಾಡಿಯಾದರೆ ಮಳೆಗಾಲದಲ್ಲಿ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಇಳಿಯದಿರಲಿ. ಖಾಲಿ ಜಾಗವಿದ್ದಷ್ಟೂ ತೇವದ ಗಾಳಿ ಒಳಗೆ ಬಂದು ಹನಿಯಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲ್ ಪೂರ್ತಿ ಬಸಿದು, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ, ಟ್ಯಾಂಕಿನೊಳಗೆ ಎಣ್ಣೆಯ ಪಸೆ ಬಿಟ್ಟು ನಿಲ್ಲಿಸಿ. ಟ್ಯಾಂಕಿನ ಬಾಯಿಯ ರಬ್ಬರ್ ಒಡೆದಿದ್ದರೆ ಮಳೆನೀರು ನೇರವಾಗಿ ಇಳಿಯುತ್ತದೆ, ಅದನ್ನೂ ನೋಡಿ.

ಡಿಕ್ಕಿಯಲ್ಲಿ ಒಂದು ಹೆಚ್ಚಿನ ಫಿಲ್ಟರ್, ಅರ್ಧ ಮೀಟರ್ ಹೋಸ್, ನಾಲ್ಕು ಕ್ಲಿಪ್, ಸ್ಕ್ರೂಡ್ರೈವರ್ ಇರಲಿ. ಹಾಕಿದ ದಿನ ಮತ್ತು ಕಿ.ಮೀ. ಅನ್ನು ಮಾರ್ಕರ್‌ನಲ್ಲಿ ಫಿಲ್ಟರ್ ಮೇಲೆಯೇ ಬರೆದಿಡಿ. ನಮ್ಮ ಪದ್ಮಿನಿಯ ಈಗಿನ ಫಿಲ್ಟರ್ ಮೇಲೆ ಹೋದ ವರ್ಷದ ತಾರೀಖಿದೆ. ಅದು ಆಗುಂಬೆಯನ್ನು ನಾಲ್ಕು ಸಲ ಹತ್ತಿದೆ.